ಚಿರಂಜೀವಿ ಮ್ಯಾಕ್ರೋ

ಕೇಳ್ರಪ್ಪಾ, ನಗು ಬಂದರೆ ತಡೀಬೇಡಿ. ಒಬ್ಬಳು ತಾಯಿ, ಒಬ್ಬ ಮಗ. ತಾಯಿ ನಿಂಗಮ್ಮ, ಮಗ ಬೋರ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅದೇ ಅವಳ ಗೋಳು! ಗಂಡ ಹನುಮೇಗೌಡ ತೀರಿಕೊಂಡು ವರ್ಷ ತುಂಬುತ್ತಾ ಬಂದಿತ್ತು.

"ವರ್ಷದ ಕಾರ್ಯಕ್ಕೆ ನೆಂಟರೆಲ್ಲ ಬರ್ತಾರೆ ಕಣೋ. ಅಷ್ಟರೊಳಗೆ ಒಂದು ಕೆಲಸ ನೆಟ್ಟಗೆ ಕಲಿ. ಅವರ ಮುಂದೆ ನನ್ನ ಮಾನ ಉಳಿಸೋ!" ಅಂತ ಅತ್ತು ಕರೆದು ಕೆಂಪಣ್ಣನ ಪ್ರೆಸ್ಸಿಗೆ ಸೇರಿಸಿದಳು. ಮದುವೆ ಪತ್ರಿಕೆ, ತಿಥಿ ಪತ್ರಿಕೆ ಅಚ್ಚು ಹಾಕೋ ಜಾಗ ಅದು.

ಕೆಂಪಣ್ಣ ಹೇಳಿದ: "ನೋಡೋ, ಇದಕ್ಕೆ ಮ್ಯಾಕ್ರೋ ಅಂತಾರೆ. ಒಂದು ಸಲ ಕಲಿಸಿಟ್ಟರೆ ಸಾಕು, ಕಂಪ್ಯೂಟರಲ್ಲಿ ಎಲ್ಲೇ ಟೈಪ್ ಮಾಡು, ತಾನೇ ಮಾಡ್ಕೊಳ್ಳುತ್ತೆ. 'ಚಿ' ಒತ್ತಿದ್ರೆ 'ಚಿರಂಜೀವಿ' ಬರಬೇಕು. ಕಲಿಸು!"

ಬೋರ ಕಲಿಸಿದ. ಮದುವೆ ಪತ್ರಿಕೆ ಅಚ್ಚಾಯಿತು. ನೋಡಿದರೆ ಚಿರಂಜೀವಿಕ್ಕಪ್ಪ, ಚಿರಂಜೀವಿಕ್ಕಮ್ಮ, ಊರು ಚಿರಂಜೀವಿಂತಾಮಣಿ!

"ಥೂ ಪೆದ್ದೇ! ಪಕ್ಕದಲ್ಲಿ ಚುಕ್ಕಿ ಇದ್ರೆ ಮಾತ್ರ ಬಿಡಿಸಿ ಬರೀಬೇಕು ಕಣೋ!"

"ಹೂಂ ಕಣಣ್ಣ. ಚುಕ್ಕಿ ಇದ್ರೆ ಬಿಡಿಸ್ತೀನಿ."

ಮಾರನೇ ದಿನ ಒಂದು ತಿಥಿ ಪತ್ರಿಕೆ ಬಂತು. "ಅಣ್ಣಾ, 'ದಿ.' ಅಂದ್ರೆ?"

"ದಿವಂಗತ ಕಣೋ. ಅದನ್ನೂ ಕಲಿಸಿಬಿಡು."

ಕಲಿಸಿದ. ಅದರ ಹಿಂದೆಯೇ ಮದುವೆ ಪತ್ರಿಕೆ. ಬರೆದುಕೊಟ್ಟಿದ್ದು 'ದಿ. ೧೪ ಭಾನುವಾರ'. ಅಚ್ಚಾಗಿದ್ದು 'ದಿವಂಗತ ೧೪ ಭಾನುವಾರ'! ಹೆಣ್ಣಿನ ತಂದೆ ಎದೆ ಹಿಡ್ಕೊಂಡು ಪ್ರೆಸ್ಸಿನ ಮೆಟ್ಟಿಲಲ್ಲೇ ಕೂತುಬಿಟ್ಟರು.

"ಚುಕ್ಕಿ ಇತ್ತಲ್ಲಣ್ಣ!" ಅಂದ ಬೋರ. ಯಾಕೆ ಬೈತಾರೆ ಅಂತಲೇ ಅವನಿಗೆ ಗೊತ್ತಾಗಲಿಲ್ಲ, ಪಾಪ.

ಸುದ್ದಿ ಕೇಳಿ ನಿಂಗಮ್ಮ ಹಣೆ ಚಚ್ಚಿಕೊಂಡಳು. "ಮದುವೆ ಮನೆಗೆ ದಿವಂಗತ ಅಂತ ಹಾಕ್ತಾರೇನೋ! ಇನ್ಮೇಲೆ ನಿನ್ನ ಮೆಷೀನಲ್ಲಿ ಆ ಮಾತೇ ಬರಕೂಡದು. ಬಂದ ಕಡೆಯೆಲ್ಲ ಚಿರಂಜೀವಿ ಅನ್ನಿಸು!"

"ಆಯ್ತು ಕಣವ್ವ." ಬೋರ ಓಡಿಹೋಗಿ ಅದನ್ನೂ ಕಲಿಸಿದ.

ಅಪ್ಪನ ಕಾರ್ಯ ಹತ್ತಿರ ಬಂತು. ಉದ್ದ ಬರೆಸಿದರೆ ಎಡವಟ್ಟಾದೀತು ಅಂತ ನಿಂಗಮ್ಮ ಚುಟುಕಾಗಿ ಹೇಳಿಬರೆಸಿದಳು: 'ದಿ. ಹನುಮೇಗೌಡರ ಕಾರ್ಯ. ಸೋಮವಾರ, ನಮ್ಮ ಮನೆಯಲ್ಲಿ. ತಪ್ಪದೆ ಬನ್ನಿ.' ಬೋರ ಟೈಪ್ ಮಾಡಿದ, ಅಚ್ಚು ಹಾಕಿದ, ಒಂದೂ ಬಿಡದೆ ಮನೆಮನೆಗೆ ಹಂಚಿ ಬಂದ. ತಾಯಿಗೆ ಎಷ್ಟು ಸಂತೋಷ!

ಸೋಮವಾರ ಬೆಳಿಗ್ಗೆ ನೆಂಟರು ಬಂದರು. ರೇಷ್ಮೆ ಸೀರೆ, ಮಲ್ಲಿಗೆ ಹೂವು, ಕೈಯಲ್ಲಿ ಮುಯ್ಯಿ ಪಾತ್ರೆ! ಎಡೆ ಇಡುತ್ತಿದ್ದ ನಿಂಗಮ್ಮ ಕಕ್ಕಾಬಿಕ್ಕಿ. ಬಂದವರೂ ಕಕ್ಕಾಬಿಕ್ಕಿ.

"ಇದೇನತ್ತಿಗೆ, ಚಪ್ಪರ ಇಲ್ಲ, ವಾಲಗ ಇಲ್ಲ?" ಅಂದಳು ನಾದಿನಿ, ಪತ್ರಿಕೆ ಮುಂದೆ ಹಿಡಿದು. "ಚಿರಂಜೀವಿ ಹನುಮೇಗೌಡರ ಕಾರ್ಯ ಅಂತಿದೆ! ಅಣ್ಣನ ಹೆಸರು ಯಾರಿಗಿಟ್ರಿ? ಗಂಡು ಎಲ್ಲಿ?"

ನಿಂಗಮ್ಮ ಪತ್ರಿಕೆ ಕಿತ್ತುಕೊಂಡು ಕಣ್ಣಿಗೆ ಹಿಡಿದಳು.

ಬೋರನೇ ಮುಂದೆ ಬಂದು ಗೋಡೆ ಮೇಲಿನ ಅಪ್ಪನ ಫೋಟೋ ತೋರಿಸಿದ. "ಅಲ್ಲೇ ಇದ್ದಾರಲ್ಲತ್ತೆ! ಬೆಳಿಗ್ಗೆಯಿಂದ ಹಾರ ಹಾಕ್ಕೊಂಡು ಕಾಯ್ತಾ ಅವ್ರೆ!"