ಬಳೆಗಾರ ಸೋಮಲಿಂಗಪ್ಪನ ಕನಸು

ಕಲ್ಲಹೊಳೆ ಮಠದ ಪೂಜ್ಯ ಶ್ರೀ ಗುರುಪಾದಜ್ಜನವರಿಗೆ ಗದ್ದುಗೆಗಿಂತ ದಾಸೋಹದ ಅಡುಗೆಮನೆಯ ಕಟ್ಟೆಯೇ ಪ್ರಿಯವಾಗಿತ್ತು. ಬೆಳಗಿನ ಪೂಜೆ ಮುಗಿಯಿತೆಂದರೆ ಮೊರ ಹಿಡಿದು ಜೋಳದಲ್ಲಿ ಕಲ್ಲು ಆರಿಸುತ್ತ ಕೂತುಬಿಡುವರು. ಎಂಥ ದೊಡ್ಡವರು ಬಂದರೂ "ಬರ್ರಿ, ಕೂಡ್ರಿ" ಎಂದು ಅವರ ಮುಂದೂ ಒಂದು ಬೊಗಸೆ ಜೋಳ ಸುರಿಯುವರು. ಆ ಮಠದಲ್ಲಿ ಹನ್ನೊಂದು ವರ್ಷ ಪುರಾಣ ಹೇಳಿಕೊಂಡಿದ್ದವನು ನಾನು. ಜೋಳ ಆರಿಸಿದ್ದು ಕಡಿಮೆ, ಮಾತಾಡಿದ್ದೇ ಹೆಚ್ಚು. ಆ ನನ್ನ ಬಾಯಿಂದಲೇ ಒಂದು ಸಂಸಾರ ಮುರಿದು ಬೀಳುವುದಿತ್ತು. ಅಜ್ಜನವರು ಅದನ್ನು ಉಳಿಸಿದ ಬಗೆಯನ್ನು ಹೇಳಿದರೆ ನನ್ನ ಮಾನ ಹೋಗುತ್ತದೆ. ಹೋಗಲಿ ಬಿಡಿ.

ಊರ ಬಳೆಗಾರ ಸೋಮಲಿಂಗಪ್ಪ ಒಂದು ದಿನ ನನ್ನ ಬಳಿ ಬಂದ. "ಶಾಸ್ತ್ರಿಗಳ, ಈ ಜಗತ್ತು ಖರೇ ಅನಸವಲ್ದು. ಹೆಂಡ್ತಿ ಮಾತಾಡಿದ್ರ ಎಲ್ಲೋ ದೂರದಾಗ ಯಾರೋ ಮಾತಾಡಿಧಂಗ ಆಗತೈತಿ. ಬಳಿ ಇಡಾಕ ಕೈ ಹಿಡದ್ರ ಅದು ಕೈಯೋ, ಗೊಂಬಿ ಕೈಯೋ ತಿಳಿಯಂಗಿಲ್ಲ. ಕನಸಿನಾಗ ಅಡ್ಡಾಡಿಧಂಗ ಆಗೇತ್ರಿ" ಎಂದ. ನನಗೋ ರೋಮಾಂಚನ! ಓದಿ ಓದಿ ಕಣ್ಣು ಮಂಜಾದರೂ ನನಗೆ ದಕ್ಕದ್ದು ಈ ಬಳೆಗಾರನಿಗೆ ತಾನಾಗಿ ದಕ್ಕಿತಲ್ಲ ಎಂದು ಹೊಟ್ಟೆಕಿಚ್ಚೂ ಆಯಿತು. "ಇದು ವೈರಾಗ್ಯವಪ್ಪಾ, ಪೂರ್ವಜನ್ಮದ ಪುಣ್ಯ. ಹೋಗಿ ಅಜ್ಜನವರ ಪಾದ ಹಿಡಿದು ಕಾವಿ ಬೇಡು" ಎಂದುಬಿಟ್ಟೆ. ಅವನ ಹೆಂಡತಿಯಾಗಲಿ, ಶಾಲೆಗೆ ಹೋಗುವ ಇಬ್ಬರು ಗಂಡುಮಕ್ಕಳಾಗಲಿ ನನ್ನ ನೆನಪಿಗೇ ಬರಲಿಲ್ಲ.

ಸೋಮವಾರ ಅವನು ಕಾವಿ ಬೇಡಲು ಅಜ್ಜನವರ ಬಳಿ ಬಂದ. ಹಿಂದೆಯೇ ಅವನ ಅತ್ತಿಗೆ ಗುರುಸಿದ್ದವ್ವನೂ ಬಂದಳು. ನಾಲ್ಕು ತಿಂಗಳ ಹಿಂದೆ ಗಂಡನನ್ನು ಕಳೆದುಕೊಂಡಾಕೆ. ತಾಯಿಯಿಲ್ಲದ ಸೋಮಲಿಂಗಪ್ಪನನ್ನು ಸಾಕಿ ಬೆಳೆಸಿದಾಕೆ. "ಅಜ್ಜಾರ, ನೀವರೆ ಬುದ್ಧಿ ಹೇಳ್ರಿ. ಇವ ಮನಿ ಬಿಟ್ಟು ಹೋದ್ರ ಹೆಂಡ್ತಿ ಮಕ್ಕಳ ಗತಿ ಏನು? ನನ್ನ ಕೂಡಂತೂ ಮಾತೇ ಬಿಟ್ಟಾನ" ಎಂದು ಕಣ್ಣೊರೆಸಿಕೊಂಡಳು. ಸೋಮಲಿಂಗಪ್ಪ ಗೋಡೆಯ ಕಡೆ ಮುಖ ತಿರುಗಿಸಿದ.

ಅಜ್ಜನವರು ಮೊರ ಕೆಳಗಿಟ್ಟರು.

"ಹಿಂಗ ಯಾವಾಗಿಂದ ಅನಸಾಕತ್ತೈತಿ?"

"ನನ್ನ ಮಗಳ ಮದುವಿ ದಿನದಿಂದ್ರಿ."

"ಅವತ್ತು ಏನು ಮಾಡಿದಿ?"

"ಬಂದ ಹೆಣ್ಮಕ್ಕಳಿಗೆ ಬಳಿ ಇಟ್ಟೆ."

"ಕಡೀಕ ಯಾರಿಗೆ ಇಟ್ಟಿ?"

ಸೋಮಲಿಂಗಪ್ಪನ ಕಣ್ಣು ಅತ್ತಿಗೆಯ ಬರಿಗೈ ಮೇಲೆ ನಿಂತಿತ್ತು.

"ನನಗ ಹೇಳಬ್ಯಾಡ" ಎಂದರು ಅಜ್ಜನವರು. "ಆಕಿಗೆ ಹೇಳು."

ತಡೆತಡೆದು ಅವನು ಹೇಳಿದ್ದು ಇಷ್ಟು. ಮದುವೆಯ ಬೆಳಿಗ್ಗೆ ಹೂವು ತರಲು ಪೇಟೆಗೆ ಹೋದ ಅಣ್ಣ ಚನ್ನವೀರಪ್ಪ ಬಸ್‌ಸ್ಟ್ಯಾಂಡಿನಲ್ಲೇ ಕುಸಿದು ತೀರಿಕೊಂಡಿದ್ದ. ಸುದ್ದಿ ಮೊದಲು ಬಂದದ್ದು ಇವನಿಗೆ. ತಾಳಿ ಕಟ್ಟುವ ತನಕ ತುಟಿ ಪಿಟಕ್ ಅನ್ನಬೇಡ ಎಂದು ಹಿರಿಯರು ತಾಕೀತು ಮಾಡಿದರು. ನಮ್ಮ ಕಡೆ ಹಾಗೇ ಮಾಡುವುದು; ಲಗ್ನ ನಿಲ್ಲಬಾರದಲ್ಲ. ಅಷ್ಟರಲ್ಲಿ, ಕೆಲಸದ ಗಡಿಬಿಡಿಯಲ್ಲಿ ತಾನು ಬಳೆ ಇಡಿಸಿಕೊಳ್ಳುವುದನ್ನೇ ಮರೆತಿದ್ದ ಗುರುಸಿದ್ದವ್ವ ಓಡಿ ಬಂದು ಕೈ ಚಾಚಿದಳಂತೆ. "ಕೈತುಂಬ ಇಡಪ್ಪಾ, ನಿಮ್ಮಣ್ಣ ಬಂದು ನೋಡಲಿ" ಎಂದಳಂತೆ. ಇವನು ನಗುನಗುತ್ತ ಕೈಗೊಂದು ಡಜನ್ ಹಸಿರು ಬಳೆ ಇಟ್ಟ. ಸಂಜೆಗೆ ಅವನ್ನೆಲ್ಲ ಒಡೆದರು.

"ನನಗ ಗೊತ್ತಿತ್ತು ವೈನಿ. ಗೊತ್ತಿದ್ದೂ ಇಟ್ಟೆ" ಎಂದ.

ಗುರುಸಿದ್ದವ್ವ ಎದ್ದಳು. ಅವನ ಕೆನ್ನೆಗೆ ಬಾರಿಸಿದಳು ನೋಡಿ, ಅಡುಗೆಮನೆಯ ಹೆಂಗಸರೆಲ್ಲ ಹೊರಗೆ ಬಂದರು. "ಎಲ್ಲಾರ ಮುಂದ ಕೈ ತೋರಿಸ್ಕೋತ ಅಡ್ಡಾಡಿದೆನಲ್ಲೋ! ಅದನ್ನ ನೋಡ್ಕೋತ ನಿಂತಿದ್ದಿಯೇನೋ!" ಎಂದು ಕೂಗಿದಳು. ಮತ್ತೆ ಎತ್ತಿದ ಕೈ ಮಾತ್ರ ಹೊಡೆಯಲಿಲ್ಲ. "ಒಬ್ಬನೇ ಹೆಂಗ ತಡಕೊಂಡ್ಯೋ ನನ್ನಪ್ಪಾ" ಎಂದು ಅವನ ತಲೆ ತಬ್ಬಿಕೊಂಡು ಗೊಳೋ ಎಂದು ಅತ್ತಳು. ನಾಲ್ಕು ತಿಂಗಳು ಒಂದು ಹನಿ ಕಣ್ಣೀರು ಹಾಕದ ಸೋಮಲಿಂಗಪ್ಪ ಆಗ "ಅಣ್ಣಾ, ಅಣ್ಣಾ" ಎಂದು ಬಿಕ್ಕಿ ಬಿಕ್ಕಿ ಅತ್ತ.

ಅತ್ತು ಸಾಕಾದ ಮೇಲೆ ಅಜ್ಜನವರು ಮೆಲ್ಲಗೆ ಕೇಳಿದರು, "ಕೆನ್ನಿ ಉರಿತೈತೇನು?"

"ಉರಿತೈತ್ರಿ ಅಜ್ಜಾರ." ಅವನು ಅತ್ತಿಗೆಯ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದು ನೋಡಿದ. "ವೈನಿ ಕೈ ಬೆಚ್ಚಗೈತ್ರಿ" ಎಂದು ಬೆರಗಾಗಿ ಹೇಳಿದ. ಸನ್ಯಾಸದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಪ್ರಸಾದ ಮುಗಿಸಿ ಇಬ್ಬರೂ ಮನೆಗೆ ಹೋದರು.

ನಾನು ಅಜ್ಜನವರ ಪಾದಕ್ಕೆ ಬಿದ್ದೆ. "ನನಗೆ ಜ್ಞಾನವಾಗಿ ಕಂಡದ್ದು ತಮಗೆ ಹಾಗೆ ಕಾಣಲಿಲ್ಲವೇಕೆ?" ಎಂದು ಕೇಳಿದೆ.

ಪೂಜ್ಯರು ಆಗಲೇ ಮೊರ ಎತ್ತಿಕೊಂಡಿದ್ದರು. "ಜ್ಞಾನಿ ಆದಾವ ಅತ್ತಿಗಿ ಮಾರಿ ನೋಡಾಕ ಯಾಕ ಅಂಜಬೇಕ್ರಿ, ಶಾಸ್ತ್ರಿಗಳ?" ಎಂದರು.

ಈಗಲೂ ಯಾರಾದರೊಬ್ಬರು ಬಂದು ಜಗತ್ತು ಕನಸಿನಂತೆ ಕಾಣುತ್ತಿದೆ ಎನ್ನುತ್ತಾರೆ. ನಾನು ಗ್ರಂಥ ಬಿಚ್ಚುವುದಿಲ್ಲ. ಹತ್ತಿರ ಕೂರಿಸಿಕೊಂಡು, "ಮನೆಯಲ್ಲಿ ಏನಾಯಿತಪ್ಪಾ?" ಎಂದು ಕೇಳುತ್ತೇನೆ.