ಮೊಲರಾಯನ ಇಟ್ಟಿಗೆ ಅಚ್ಚು

ಮಕ್ಕಳೇ, ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವ ಅಕ್ಕನೋ ಅಣ್ಣನೋ ಮನೆಯಲ್ಲಿದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ನಿಮಗಿಂತ ಅವರಿಗೇ ಈ ಕತೆ ಹೆಚ್ಚು ಬೇಕು.

ಕಾಡಿನ ನಡುವೆ ಒಂದು ಕೊಳವಿತ್ತು. ಅದರ ನೀರು ಒಂದು ಮೂಲೆಯಿಂದ ತೊರೆಗೆ ಹರಿಯುತ್ತಿತ್ತು. ತೊರೆಯಲ್ಲಿ ಕೊಕ್ಕರೆ ಕಾದು ನಿಂತಿರುತ್ತಿತ್ತು. ಕೊಳದ ಗೊದಮೊಟ್ಟೆ ಮರಿಗಳು ಅತ್ತ ಹೋಗದಂತೆ ಆ ಮೂಲೆಗೆ ಹಸಿ ಇಟ್ಟಿಗೆಯ ಗೋಡೆ ಕಟ್ಟುವುದು ಮೊಲರಾಯನ ಕೆಲಸ. ಹಸಿ ಮಣ್ಣಲ್ಲವೇ, ಮರುದಿನಕ್ಕೆ ಮೆತ್ತಗಾಗುತ್ತಿತ್ತು. ಹಾಗಾಗಿ ದಿನಾ ಬೆಳಗ್ಗೆ ಮರದ ಅಚ್ಚಿಗೆ ಮಣ್ಣು ತುಂಬಿ, ಹೊಸ ಇಟ್ಟಿಗೆ ತೆಗೆದು, ಹಳೆಯದರ ಜಾಗದಲ್ಲಿ ಇಡುತ್ತಿದ್ದ.

ಅಚ್ಚಿನೊಳಗೆ ಮರದ ಗಂಟೊಂದು ಗೂಟದಂತೆ ಚಾಚಿಕೊಂಡಿತ್ತು. ಅದರಿಂದ ಪ್ರತಿ ಇಟ್ಟಿಗೆಯಲ್ಲೂ ಒಂದು ತೂತು. ಮೊಲರಾಯ ಒಂದೊಂದಕ್ಕೂ ಮಣ್ಣು ಮೆತ್ತಿ ಸವರುತ್ತಿದ್ದ.

"ಎಷ್ಟು ನುಣುಪಾಗಿದೆ ನೋಡಿ ಕಪ್ಪೆಯಮ್ಮ," ಎಂದು ಬೀಗುತ್ತಿದ್ದ.

ಕಪ್ಪೆಯಮ್ಮ ಆ ಮರಿಗಳ ತಾಯಿ. "ನುಣುಪು ಇರಲಿ ಕಣಯ್ಯ. ನಾಳೆ ಹೊಸ ಇಟ್ಟಿಗೆ ಬರುತ್ತೆ, ಅದರ ಜತೆ ತೂತೂ ಬರುತ್ತೆ. ಅಚ್ಚಿನ ಗಂಟು ತೆಗೆಸು. ಮರಕುಟಿಗ ಈ ದಡದ ಮರದಲ್ಲೇ ಇದ್ದಾನೆ."

"ಅಚ್ಚು ಯಾರ ಕಣ್ಣಿಗೆ ಬೀಳುತ್ತೆ? ಎಲ್ಲರೂ ನೋಡೋದು ಗೋಡೆಯನ್ನ."

ಮರುದಿನವೂ ತೂತು, ಮರುದಿನವೂ ಮೆತ್ತುವುದು. ಒಮ್ಮೆಯಂತೂ ಮೆತ್ತಿದ ಜಾಗದಲ್ಲಿ ಉಗುರಿನಿಂದ ಹೂವಿನ ಚಿತ್ತಾರ ಬೇರೆ ಬಿಡಿಸಿದ. ಕಪ್ಪೆಯಮ್ಮ ಹಣೆ ಚಚ್ಚಿಕೊಂಡಳು.

"ಹೇಳಿ ಹೇಳಿ ನನ್ನ ಗಂಟಲೇ ಬಿದ್ದುಹೋಯ್ತು. ನಾಳೆಗೆ ಈ ಹೂವೂ ಇರಲ್ಲ ಕಣಯ್ಯ."

ನನಗೂ ಆ ಮೊಲದ ಕಿವಿ ಹಿಂಡಬೇಕು ಅನ್ನಿಸುತ್ತದೆ. ಅಷ್ಟುದ್ದ ಕಿವಿಯಿದ್ದೂ ಒಂದು ಮಾತೂ ಒಳಗೆ ಹೋಗಲಿಲ್ಲ.

ಒಂದು ಬೆಳಗ್ಗೆ ಮೊಲರಾಯನಿಗೆ ನೆಂಟರ ಮನೆಯಿಂದ ಊಟಕ್ಕೆ ಕರೆ ಬಂತು. ಗಡಿಬಿಡಿಯಲ್ಲಿ ಇಟ್ಟಿಗೆ ತೆಗೆದ, ಇಟ್ಟ, ಓಡಿದ. ಮೆತ್ತುವುದು ಮರೆತೇ ಹೋಯಿತು.

ಸಂಜೆ ಬಂದು ನೋಡಿದರೆ ಅರ್ಧದಷ್ಟು ಮರಿಗಳು ಇರಲಿಲ್ಲ. ತೂತುಗಳಲ್ಲಿ ನುಸುಳಿ ತೊರೆಗೆ ಹೋಗಿದ್ದವು. ಅಲ್ಲಿ ಕೊಕ್ಕರೆ ಹೊಟ್ಟೆ ತುಂಬಿ ತೂಕಡಿಸುತ್ತಿತ್ತು. ಕಪ್ಪೆಯಮ್ಮ ಉಳಿದ ಮರಿಗಳನ್ನು ಹಿಂದೆ ಬಿಟ್ಟುಕೊಂಡು, ಗೋಡೆಗೆ ತನ್ನ ಮೈಯನ್ನೇ ಒತ್ತಿ ಕೂತಿದ್ದಳು.

ಮೊಲರಾಯ ತಲೆ ತಗ್ಗಿಸಿ ಮರಕುಟಿಗನನ್ನು ಕರೆತಂದ. ಅವನು ಅಚ್ಚಿನೊಳಗೆ ಟಕಟಕ ಕುಟ್ಟಿದ. ಗಂಟು ಕಿತ್ತುಬಂತು. ಮತ್ತೆ ಮಣ್ಣು ತುಂಬಿ ತೆಗೆದ ಇಟ್ಟಿಗೆಯಲ್ಲಿ ತೂತೇ ಇರಲಿಲ್ಲ.

"ಇಷ್ಟೇನಾ?" ಎಂದ ಮೊಲರಾಯ.

"ಇಷ್ಟೇ," ಎಂದಳು ಕಪ್ಪೆಯಮ್ಮ. "ನಾನು ದಿನಾ ಹೇಳ್ತಿದ್ದದ್ದೂ ಇಷ್ಟೇ."

ನೀತಿ: ಅಚ್ಚಿನಿಂದ ಬಂದದ್ದನ್ನು ತಿದ್ದುತ್ತಾ ಕೂರಬೇಡಿ, ಅಚ್ಚನ್ನೇ ತಿದ್ದಿ; ಕಂಪ್ಯೂಟರು ಪ್ರತಿಸಲ ತಾನೇ ಹೊಸದಾಗಿ ಬರೆದುಕೊಡುವ ಫೈಲಿಗೂ ಇದೇ ಮಾತು, ಫೈಲನ್ನಲ್ಲ, ಅದನ್ನು ಬರೆಯುವ ಪ್ರೋಗ್ರಾಮನ್ನು ತಿದ್ದಿ.