ರಸ್ತೆಯುಬ್ಬಿನ ಮೇಲೆ ಇನ್ನೂರರ ವೇಗ

ಪುಟ್ಟ ರೇಸ್ ಕಾರೊಂದು ಹಳೆಯ ಎಂಜಿನ್ ಕಿತ್ತುಹಾಕಿಸಿ, ಅದರ ಎರಡರಷ್ಟು ದೊಡ್ಡದನ್ನು ಕೂರಿಸಿಕೊಂಡು ಪಂದ್ಯಕ್ಕೆ ಹೊರಟಿತು. ಭಾರಕ್ಕೆ ಮೂಗು ನೆಲದತ್ತ ಬಾಗಿತ್ತು. ಗ್ಯಾರೇಜಿನ ಬೀದಿಯವರು ತಾವೇ ಡಾಂಬರು ಸುರಿದು ಕಟ್ಟಿದ್ದ ರಸ್ತೆಯುಬ್ಬು, "ಓರೆಯಾಗಿ ದಾಟು ತಾಯಿ, ಹೊಟ್ಟೆ ತಾಗುತ್ತೆ" ಎಂದಿತು.

"ಓರೆಯಾಗಿ ದಾಟೋರು ಬಡಪಾಯಿಗಳು. ನನ್ನ ಎಂಜಿನ್ ನೋಡಿ ಮಾತಾಡು" ಎಂದು ಕಾರು ನೇರ ನುಗ್ಗಿತು. ಹೊಟ್ಟೆ ಉಬ್ಬಿನ ಮೇಲೆ ಕೂತಿತು. ಹಿಂದಿನ ಚಕ್ರಗಳು ಗಾಳಿಯಲ್ಲಿ ಗಿರಗಿರನೆ ತಿರುಗಿದವು. ತೆಂಗಿನಕಾಯಿ ಹೇರಿದ ಮೊಪೆಡ್ಡೊಂದು ಪಕ್ಕದಲ್ಲೇ ದಾಟಿಹೋಯಿತು. ಆಚೆ ಮೈದಾನದಲ್ಲಿ ಪಂದ್ಯ ಶುರುವಾದ ಸದ್ದು ಕೇಳಿತು.

"ಸ್ಪೀಡೋಮೀಟರಿನ ಮುಳ್ಳು ನೋಡು, ಇನ್ನೂರರಲ್ಲಿದೆ" ಎಂದು ಕಾರು ಗುಡುಗಿತು.

"ಸುಳ್ಳಲ್ಲ ತಾಯಿ," ಎಂದಿತು ಉಬ್ಬು. "ಇಷ್ಟು ಜೋರಾಗಿ ನನ್ನ ಮೇಲೆ ಯಾರೂ ನಿಂತಿರಲಿಲ್ಲ."